ತೊಂಬತ್ತೆರಡು ಅಂಕದ ಮಣ್ಣು

ಮನೆಮುಂದಿನ ಹುಲ್ಲುಹಾಸು ಹಳದಿಗೆ ತಿರುಗಿ ಎರಡು ವರ್ಷವಾಗಿತ್ತು. ನಿವೃತ್ತ ಹೆಡ್ಮಾಸ್ಟರು ಅದನ್ನು ಹಸಿರೆಂದೇ ಕರೆಯುತ್ತಿದ್ದರು. ಅವರ ಹೆಂಡತಿ ಮಾತ್ರ ಕಂಡದ್ದನ್ನು ಕಂಡ ಹಾಗೆ ಹೇಳುವವರ ಪೈಕಿ.

"ರೀ, ಇದನ್ನ ಅಗೆದು ಬದನೆ, ಟೊಮೇಟೊ ಹಾಕೋಣ. ನಮ್ಮನೇಲಿ ಹುಲ್ಲು ತಿನ್ನೋರು ಯಾರಿದ್ದಾರೆ?"

"ನನ್ನ ಹುಲ್ಲಿನ ತಂಟೆಗೆ ಬರಬೇಡ. ಮಣ್ಣೇನೂ ಕೆಟ್ಟಿಲ್ಲ."

"ಹಾಗಾದ್ರೆ ಪರೀಕ್ಷೆ ಮಾಡಿಸಿ. ಲ್ಯಾಬಿನವರು ಏನು ಬರೀತಾರೋ ಹಾಗೆ. ಆಮೇಲೆ ಕೊಸರಾಡೋ ಹಾಗಿಲ್ಲ."

"ನಾನ್ಯಾಕೆ ಕೊಸರಾಡಲಿ!"

ಹುಲ್ಲುಹಾಸಿನ ಹತ್ತು ಕಡೆ ಗೇಣುದ್ದ ಅಗೆದು, ಮಣ್ಣನ್ನೆಲ್ಲ ಬೆರೆಸಿ, ಅದರಲ್ಲಿ ಅರ್ಧ ಸೇರಿನಷ್ಟು ಕಳಿಸಬೇಕೆಂದು ಲ್ಯಾಬಿನ ಚೀಟಿಯಲ್ಲಿತ್ತು. ಮೊದಲ ಗುಂಡಿಯಲ್ಲಿ ಇಟ್ಟಿಗೆ ಚೂರು ಸಿಕ್ಕಿತು. ಎರಡನೆಯದರಲ್ಲಿ ಮನೆ ಕಟ್ಟಿದವರು ಹೂತುಹೋದ ಗಾರೆ. ಮೂರನೆಯದನ್ನು ಹೆಡ್ಮಾಸ್ಟರು ಅಗೆಯಲಿಲ್ಲ.

ಇನ್‌ಸ್ಪೆಕ್ಷನ್ನಿನ ದಿನ ದಡ್ಡ ಹುಡುಗರಿಗೆಲ್ಲ ಜ್ವರ ಬರಿಸಿ ಮನೆಗೆ ಕಳಿಸಿ, ಜಾಣರನ್ನು ಮುಂದಿನ ಬೆಂಚಿಗೆ ತರುವುದು ಅವರ ಮೂವತ್ತು ವರ್ಷದ ಪದ್ಧತಿ. ಅದು ಮೋಸವೆಂದು ಅವರಿಗೆ ಯಾವತ್ತೂ ಅನ್ನಿಸಿರಲಿಲ್ಲ. ಶಾಲೆಯ ಮರ್ಯಾದೆ ಅಷ್ಟೆ. ಈಗಲೂ ಅದೇ ನಿರ್ಮಲ ಮನಸ್ಸಿನಿಂದ ಹಿತ್ತಲಿಗೆ ನಡೆದರು. ಹೆಂಡತಿ ವರ್ಷಗಟ್ಟಲೆ ತರಕಾರಿ ಸಿಪ್ಪೆ, ಟೀ ಚರಟ ಸುರಿದಿದ್ದ ಮೂಲೆಯ ಕಪ್ಪು ಮಣ್ಣನ್ನು ಬಗೆದು, ಜರಡಿ ಹಿಡಿದು, ನೆರಳಲ್ಲಿ ಆರಿಸಿ, ಚೀಲದ ಮೇಲೆ ಗುಂಡಗೆ ಬರೆದರು: "ಮುಂಬದಿಯ ಹುಲ್ಲುಹಾಸು."

ಹತ್ತು ದಿನಕ್ಕೆ ವರದಿ ಬಂತು. ಲಕೋಟೆ ಹರಿದವಳು ಹೆಂಡತಿ.

"ಅಬ್ಬಾ! ನೂರಕ್ಕೆ ತೊಂಬತ್ತೆರಡು!"

ಹೆಡ್ಮಾಸ್ಟರು ಕಾಲರು ಸರಿಮಾಡಿಕೊಂಡರು. "ನಾನು ಬಡ್ಕೊಂಡೆ. ಕೇಳಿದ್ಯಾ?"

"ತಾಳಿ, ಕೆಳಗೆ ಷರಾ ಇದೆ. 'ಇಷ್ಟು ಫಲವತ್ತಾದ ಮಣ್ಣನ್ನು ಹುಲ್ಲಿಗೆ ವ್ಯರ್ಥ ಮಾಡಬಾರದು. ತರಕಾರಿ ಬೆಳೆಯುವುದು ಸೂಕ್ತ.'"

"ಯಾವನೋ ತಲೆಕೆಟ್ಟವನು ಬರೆದಿರಬೇಕು."

"ಹಾಗಾದ್ರೆ ತೊಂಬತ್ತೆರಡೂ ತಲೆಕೆಟ್ಟವನೇ ಕೊಟ್ಟಿದ್ದಾ?"

ಆಕೆ ಸೆರಗು ಸಿಕ್ಕಿಸಿ ಹುಲ್ಲುಹಾಸಿಗೆ ಗುದ್ದಲಿ ಎತ್ತಿ ಹಾಕಿದಳು. ಠಣ್!

"ರೀ, ತೊಂಬತ್ತೆರಡರ ಮಣ್ಣು ಹೀಗೆ ಸದ್ದು ಮಾಡುತ್ತಾ?"

ಪರೀಕ್ಷೆಗೆ ಹೋದ ಮಣ್ಣು ಇಲ್ಲಿಯದಲ್ಲ ಎಂದು ಈಗ ಹೇಳಿಬಿಟ್ಟಿದ್ದರೆ ವರದಿ ರದ್ದಾಗಿ ಹುಲ್ಲು ಉಳಿಯುತ್ತಿತ್ತು. ಮಾತು ನಾಲಿಗೆಯ ತುದಿಗೂ ಬಂತು. ಆದರೆ ಹೆಡ್ಮಾಸ್ಟರು ಕಾಪಿ ಹೊಡೆದರೆಂಬ ಸುದ್ದಿ ಸಂಜೆಯೊಳಗೆ ಬೀದಿಯ ಕೊನೆ ಮುಟ್ಟುವುದು ಖಂಡಿತ. ಆ ಕೊನೆಯ ಮನೆಯಲ್ಲೇ ಅವರ ಕೈಯಲ್ಲಿ ಏಟು ತಿಂದ ಹಳೆಯ ವಿದ್ಯಾರ್ಥಿಯೊಬ್ಬನಿದ್ದ. ಹೆಡ್ಮಾಸ್ಟರು ಗುದ್ದಲಿಗೆ ಕೈಚಾಚಿದರು.

"ಒಳ್ಳೆ ಮಣ್ಣು ಯಾವಾಗ್ಲೂ ಆಳದಲ್ಲಿರುತ್ತೆ ಕಣೆ. ಕೊಡು ಇಲ್ಲಿ."

ಮಧ್ಯಾಹ್ನದ ಹೊತ್ತಿಗೆ ಅರ್ಧ ಹುಲ್ಲುಹಾಸು ಬೇರು ಮೇಲಾಗಿ ಮಲಗಿತ್ತು. ಇಟ್ಟಿಗೆ ಚೂರಿನ ಗುಡ್ಡೆ ಮೊಣಕಾಲು ಮುಟ್ಟಿತ್ತು. ಹೆಂಡತಿ ಮೆಟ್ಟಿಲ ಮೇಲೆ ಕೂತು ವರದಿಯಿಂದಲೇ ಗಾಳಿ ಬೀಸಿಕೊಳ್ಳುತ್ತಿದ್ದಳು.

"ಸೊಂಟ ಜೋಪಾನ ರೀ. ಸಿಕ್ತಾ?"

"ಇನ್ನೊಂದು ಗೇಣು," ಎಂದು ಹೆಡ್ಮಾಸ್ಟರು ಬೆವರು ಒರೆಸಿಕೊಂಡು, ಉಳಿದರ್ಧದ ಮೇಲೆ ಗುದ್ದಲಿ ಎತ್ತಿದರು.