ಮೂವತ್ತೊಂದನೇ ಕುರಿಯ ಮಂಡಿ

ಹಗಲು ಕರಗಿದ ಹಿಮ ರಾತ್ರಿ ಮತ್ತೆ ಗಟ್ಟಿಯಾಗುವ ಮಾರ್ಚ್ ತಿಂಗಳು. ಬೆಳಿಗ್ಗೆಯಿಂದ ಕೊಟ್ಟಿಗೆಯ ಹಳೇ ಹುಲ್ಲನ್ನು ಎತ್ತಿ ಹೊರಗೆ ಹಾಕುತ್ತಿದ್ದೆ. ಸೌತ್ ಡಕೋಟಾದ ಈ ವಿಶ್ವವಿದ್ಯಾಲಯದ ಕುರಿಮನೆಯಲ್ಲಿ ನನಗಿದು ಹತ್ತೊಂಬತ್ತನೇ ಚಳಿಗಾಲ. ಮೊನ್ನೆ ಪ್ರಯೋಗಕ್ಕೆಂದು ಆರು ಕುರಿಗಳ ಹಿಂಗಾಲಿನ ಮಂಡಿಗೆ ಕೀಲುನೋವಿನ ಹೊಸ ಔಷಧ ಚುಚ್ಚಿದ್ದರು. ಐದು ಎದ್ದು ಮೇವಿನ ತೊಟ್ಟಿಗೆ ಬಂದವು. ಕಿವಿಯ ಬಿಲ್ಲೆಯ ಲೆಕ್ಕದಲ್ಲಿ ಮೂವತ್ತೊಂದನೆಯದು ಬರಲಿಲ್ಲ.

"ಏನವ್ವ, ಏಳಲ್ವಾ?" ಎಂದು ಹತ್ತಿರ ಹೋದೆ. ಮಂಡಿ ಟರ್ನಿಪ್ ಗಡ್ಡೆಯ ಹಾಗೆ ಊದಿತ್ತು. ಮುಟ್ಟಿದರೆ ಕೆಂಡ.

ಆ ಔಷಧವನ್ನು ಪ್ರೋಟೀನಿನ ಸಣ್ಣ ಎಳೆಗಳಿಂದ ಮಾಡಿದ ಜೆಲ್ಲಿನೊಳಗೆ ಇಟ್ಟಿರುತ್ತಾರೆ. ಸಿರಿಂಜ್ ಒತ್ತಿದಾಗ ಜೆಲ್ ನೀರಾಗಿ ಸೂಜಿಯಲ್ಲಿ ಇಳಿಯುತ್ತದೆ, ಒಳಗೆ ಹೋಗಿ ಮತ್ತೆ ಹೆಪ್ಪಾಗುತ್ತದೆ. ಹೆಪ್ಪಾದರೆ ಔಷಧ ಒಂದು ತಿಂಗಳು ತೊಟ್ಟುತೊಟ್ಟಾಗಿ ಇಳಿಯುತ್ತದೆ. ಅದಕ್ಕೆ ಹದಿನೈದು ನಿಮಿಷ ಕುರಿಯನ್ನು ಅಲುಗಾಡದಂತೆ ಮಲಗಿಸಿಕೊಂಡಿರಬೇಕು. ಹಾಲಿಗೆ ಹೆಪ್ಪು ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹತ್ತು ಗಂಟೆಗೆ ಡಾ. ಥೇಯರ್ ಬಂದ. ಜೆಲ್ ಅವನದೇ, ಮೊನ್ನೆ ಚುಚ್ಚಿದವನೂ ಅವನೇ. ಮೂವತ್ತೊಂದರ ರಕ್ತಪರೀಕ್ಷೆಯ ಚೀಟಿ ಕೈಯಲ್ಲಿತ್ತು. ತಿಂಗಳಿಡೀ ಇಳಿಯಬೇಕಾದ ಔಷಧ ಎರಡೇ ದಿನಕ್ಕೆ ಸುರಿದುಹೋಗಿತ್ತು.

"ವರ್ನಾ, ಮೊನ್ನೆಯ ಹಾಳೆ ಎಲ್ಲಿ?"

ಕೊಟ್ಟೆ. ನನ್ನದೇ ಕೈಬರಹ: ಕುರಿ ೩೧, ಚುಚ್ಚಿದ್ದು ೧೧.೪೦, ಬಿಟ್ಟದ್ದು ೧೧.೪೪.

"ಇಲ್ಲೇನೋ ತಪ್ಪಾಗಿದೆ. ಐವತ್ತೈದು ಇರಬೇಕು. ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿಬಿಡಿ."

ನಮ್ಮಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ. ತಪ್ಪಿದ್ದರೆ ಒಂದೇ ಗೆರೆ, ಸರಿಯಾದ ಅಂಕಿ, ಸಹಿ, ತಾರೀಖು. ಅಂಥ ಗೆರೆ ನೂರಾರು ಎಳೆದಿದ್ದೇನೆ, ಎಲ್ಲವೂ ನಿಜವಾದ ತಪ್ಪಿಗೆ. ಸಿಟ್ಟು ನೆತ್ತಿಗೇರಿತು.

"ತಪ್ಪಾ? ಕುರಿ ತಲೆ ನನ್ನ ತೊಡೆ ಮೇಲಿತ್ತು ಡಾಕ್ಟರೇ. 'ಬಿಟ್ಬಿಡಿ, ಹನ್ನೆರಡಕ್ಕೆ ಮೀಟಿಂಗಿದೆ' ಅಂದೋರು ಯಾರು? ಇನ್ನೂ ಹೊತ್ತಾಗಿಲ್ಲ ಅಂತ ನಾನು ಹೇಳ್ಲಿಲ್ವಾ?"

"ಒಂದು ಕುರಿ, ವರ್ನಾ. ಅದಕ್ಕೆ ಮೊದಲೇ ಕೀಲು ಕೆಟ್ಟಿತ್ತು ಅಂತ ಲೆಕ್ಕದಿಂದ ಪಕ್ಕಕ್ಕಿಟ್ಟರೆ ಆಯ್ತು. ಐದು ಚೆನ್ನಾಗಿವೆ. ಶುಕ್ರವಾರ ವರದಿ ಹೋಗ್ಬೇಕು."

"ಆಮೇಲೆ ಈ ಸೂಜಿ ಯಾರ ಮಂಡಿಗೆ?"

"ಜನರಿಗೇ. ಎಲ್ಲಾ ಸರಿಹೋದರೆ."

"ನಮ್ಮಣ್ಣ ಆರ್ವಿಡ್‌ನಂಥೋರಿಗೆ. ಸೂಜಿ ತೆಗೆಯೋದೇ ತಡ, ಮಂಚದಿಂದ ಇಳಿದು ಪಿಕಪ್ ಹತ್ತೋ ಆಸಾಮಿ ಅವನು. ಸುಮ್ನೆ ಮಲಗಪ್ಪಾ, ಇಲ್ಲದಿದ್ರೆ ಮಂಡಿ ಸುಟ್ಟುಹೋಗುತ್ತೆ ಅಂತ ಅವನಿಗೆ ಯಾರು ಹೇಳ್ತಾರೆ? ನಿನ್ನ ವರದೀಲಿ ಅದು ಇರೋದೇ ಇಲ್ವಲ್ಲ!"

'ನೀವು' ಹೋಗಿ 'ನೀನು' ಬಂದದ್ದು ನನಗೆ ಆಮೇಲೆ ತಿಳಿಯಿತು. ಅವನಿಗೆ ಆಗಲೇ ತಿಳಿದಿತ್ತು.

"ಹೀಗೇ ಕಳಿಸಿದರೆ ಸಮಿತಿಯವರು ಮೊದಲಿಂದ ಮಾಡು ಅಂತಾರೆ. ಕೊನೆಗೆ ಮಂಡಿ ಕೊಯ್ದು ನೋಡೋಕೆ ಇನ್ನೂ ಆರು ಕುರಿ ಸಾಯ್ಬೇಕು. ಕುರಿಗಳ ಮೇಲೆ ಅಷ್ಟು ಪ್ರೀತಿ ಇರೋರು, ನೀವೇ ಯೋಚನೆ ಮಾಡಿ."

ಅವನು ಹೇಳಿದ್ದು ನಿಜ. ನಿಜವಾದ್ದರಿಂದಲೇ ಮೈ ಉರಿಯಿತು. ನನ್ನ ಕರುಳಿಗೇ ಹಗ್ಗ ಕಟ್ಟಿ ಎಳೆಯುತ್ತಿದ್ದ.

ಪೆನ್ನು ತೆಗೆದೆ. ಗೆರೆ ಎಳೆಯಲಿಲ್ಲ. ಕೆಳಗೆ ಬರೆದೆ: 'ಹೊತ್ತಾಗುವ ಮೊದಲೇ ಡಾ. ಥೇಯರ್ ಬಿಡಲು ಹೇಳಿದರು. ಬೇಡವೆಂದೆ. ಆದರೂ ಕೈ ಸಡಿಲಿಸಿದವಳು ನಾನು.' ಸಹಿ ಹಾಕಿ ಅವನ ಮುಂದೆ ಹಿಡಿದೆ.

"ನಿಮ್ಮದೂ ಒಂದು ಸಹಿ ಬೇಕು."

ಓದಿದ. ಕುತ್ತಿಗೆ ಕೆಂಪಾಯಿತು. ಬಾಗಿಲನ್ನು ತೆರೆದೇ ಬಿಟ್ಟು ಹೊರಟುಹೋದ.

ಹಾಳೆಯನ್ನು ಹಾಗೇ ಪ್ರಾಣಿಗಳ ಮೇಲ್ವಿಚಾರಣಾ ಸಮಿತಿಗೆ ಕೊಟ್ಟೆ. ಮಧ್ಯಾಹ್ನ ಪಶುವೈದ್ಯೆ ಬಂದು ದಯಾಮರಣದ ಸೂಜಿ ಕೊಟ್ಟು ಮೂವತ್ತೊಂದನ್ನು ನೋವಿನಿಂದ ಬಿಡಿಸಿದಳು.

ಪ್ರಯೋಗವನ್ನು ಮತ್ತೆ ಮಾಡಬೇಕೆಂದು ಸಮಿತಿ ಹೇಳಿತು. ಥೇಯರ್ ಇವತ್ತಿಗೂ ಸಹಿ ಹಾಕಿಲ್ಲ. ಏಪ್ರಿಲ್‌ನಲ್ಲಿ ಹೊಸ ಆರು ಕುರಿಗಳು ಬಂದವು. ಲಾರಿಯಿಂದ ಇಳಿಸಿಕೊಂಡವಳು ನಾನೇ. ಮೊದಲನೆಯದು ಹೆದರಿ ಹಿಂದೆ ಸರಿಯಿತು. ಅವನನ್ನೂ ನನ್ನನ್ನೂ ಬೈದುಕೊಳ್ಳುತ್ತ ಅದರ ಕುತ್ತಿಗೆಗೆ ಕೈ ಹಾಕಿ ಒಳಗೆ ನಡೆಸಿದೆ.