ಅರವತ್ತನೆಯ ದಿನ

"ಇನ್ನೂ ಇಲ್ಲೇ ಇದ್ಯಾ ಇದು?" ಎಂದು ಕಡತದ ಮೇಲೆ ಬೆರಳಿಟ್ಟು ಕೇಳಿದ ಉಪಕಾರ್ಯದರ್ಶಿ, ಉತ್ತರಕ್ಕೆ ಕಾಯದೆ ತಾವೇ ಹೇಳಿದರು, "ಇರ್ಲಿ ಬಿಡಮ್ಮ. ಸ್ವಲ್ಪ ಮಲಗಿರ್ಲಿ. ನಾಳೆ ನೋಡೋಣ."

ನಾಳೆ ನೋಡುವುದಕ್ಕೆ ಏನೂ ಉಳಿದಿರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಕಾರ್ಖಾನೆ ಮುಚ್ಚುತ್ತೇವೆಂದು ಮಾಲೀಕರು ಅರ್ಜಿ ಹಾಕಿದರೆ ವ್ಯಾಪಾರ ಮತ್ತು ಉದ್ಯೋಗ ಸಚಿವಾಲಯ ಅರವತ್ತು ದಿನದೊಳಗೆ ಬಾಯಿ ಬಿಡಬೇಕು. ಬಿಡದಿದ್ದರೆ ಅನುಮತಿ ಕೊಟ್ಟಂತೆಯೇ. ಇವತ್ತು ಅರವತ್ತನೆಯ ದಿನ. 'ಮುಚ್ಚಿಕೊಳ್ಳಿ' ಎಂದು ಬರೆದು ಸಹಿ ಹಾಕಿದ ಒಬ್ಬ ಪುಣ್ಯಾತ್ಮನನ್ನೂ ಈ ಶಾಖಾಧಿಕಾರಿ ತನ್ನ ಹದಿನಾಲ್ಕು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ. ಆದರೂ ಕಾರ್ಖಾನೆಗಳು ಒಂದಾದ ಮೇಲೊಂದು ಮುಚ್ಚುತ್ತಲೇ ಇದ್ದವು.

ಈ ಸಲದ್ದು ಜಿಪ್ ಕಾರ್ಖಾನೆ. ಅವಳ ಅಕ್ಕ ಅಲ್ಲಿ ಇಪ್ಪತ್ತೆರಡು ವರ್ಷದಿಂದ ಜಿಪ್ ಎಳೆದು ನೋಡುವ ಕೆಲಸದಲ್ಲಿದ್ದಳು. ಮನೆಗೆ ಬಂದವರ ಚೀಲದ ಜಿಪ್ಪನ್ನೂ ಒಮ್ಮೆ ಎಳೆದು ನೋಡದಿದ್ದರೆ ಅವಳಿಗೆ ಸಮಾಧಾನವಿಲ್ಲ. ಭಾವನಿಗೆ ಸೊಂಟ ಹಿಡಿದು ಮೂರು ವರ್ಷ. ಆ ಮನೆಯಲ್ಲಿ ಈಗ ಕೆಲಸಕ್ಕೆ ಹೋಗುವವಳು ಅಕ್ಕ ಒಬ್ಬಳೇ. ತನ್ನ ಅಕ್ಕ ಅಲ್ಲಿದ್ದಾಳೆಂದು ಶಾಖಾಧಿಕಾರಿ ಮೊದಲೇ ಬರೆದುಕೊಟ್ಟಿದ್ದರೆ ಕಡತ ಬೇರೆ ಮೇಜಿಗೆ ಹೋಗುತ್ತಿತ್ತು, ಅಲ್ಲಿ ಇನ್ನೂ ಗಾಢವಾಗಿ ನಿದ್ದೆ ಮಾಡುತ್ತಿತ್ತು. ಹಾಗೆಂದು ಅವಳು ಬಾಯಿ ಮುಚ್ಚಿಕೊಂಡಿದ್ದಳು. ಆದರೆ ಇಲ್ಲಿಟ್ಟುಕೊಂಡು ತಾನು ಮಾಡಿದ್ದಾದರೂ ಏನು? ಜೋಗುಳ ಹಾಡಿದ್ದು. ನೆನೆದರೆ ಅವಳಿಗೆ ನಾಚಿಕೆಯಾಗುತ್ತಿತ್ತು.

ಕುಳಿತರೆ ಏಳಬೇಕೆನಿಸಿತು, ಎದ್ದರೆ ಎಲ್ಲಿಗೆ ಹೋಗುವುದೆಂದು ತಿಳಿಯಲಿಲ್ಲ. ಮೂರು ಸಲ ನೀರು ಕುಡಿದಳು. ಎರಡೂವರೆಗೆ ಅಕ್ಕನ ಫೋನ್ ಬಂತು.

"ಏನಾಯ್ತೇ?"

"ಆಫೀಸಿನ ವಿಷ್ಯ ಕೇಳ್ಬೇಡ ಅಂತ ಎಷ್ಟು ಸಲ ಹೇಳ್ಲಿ ನಿಂಗೆ?"

"ಕೇಳ್ತಿಲ್ಲ ಕಣೇ. ಸುಮ್ನೆ ಏನಾಯ್ತು ಅಂದೆ ಅಷ್ಟೇ."

ಅವಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. "ಅಲ್ಲಕ್ಕಾ, ನೀವೆಲ್ಲ ಒಪ್ಪಿದ್ದೀರಂತಲ್ಲ? ಕೂರಿಸಿ ಮಾತಾಡಿ ಸಹಿ ತಗೊಂಡ್ವಿ ಅಂತ ಮಾಲೀಕರು ಬರ್ದಿದ್ದಾರೆ."

"ನಮ್ಮನ್ನಾ? ನಮ್ಮನ್ನ ಕೂರ್ಸಿದ್ದು ಒಂದೇ ಸಲ, ಕಣ್ಣು ಪರೀಕ್ಷೆ ಮಾಡೋಕೆ. ಅವತ್ತು ಸಹಿ ಹಾಕಿಸ್ಕೊಂಡ್ರು, ನಿಜ. ಕನ್ನಡಕ ಮಾತ್ರ ಇವತ್ತಿಗೂ ಬಂದಿಲ್ಲ."

ಫೋನಿಟ್ಟು ಅವಳು ಕಡತದ ಕೊನೆಗೆ ಹೋದಳು. ನಲವತ್ತೊಂದನೆಯ ಪುಟ, ಇನ್ನೂರ ಹದಿನಾಲ್ಕು ಸಹಿ. ಮೇಲೆ 'ಒಪ್ಪಿಗೆ ಪಟ್ಟಿ' ಎಂಬ ತಲೆಬರಹದ ಚೀಟಿ ಅಂಟಿಸಿ ನಕಲು ತೆಗೆದಿದ್ದರು. ಅಂಟಿಸಿದವನಿಗೆ ಅವಸರವಿತ್ತೇನೋ. ಸಹಿಗಳ ಪಕ್ಕದ ಎರಡು ಖಾಲಿ ಅಂಕಣಗಳ ನೆತ್ತಿಯ ಮೇಲೆ 'ಎಡಗಣ್ಣು', 'ಬಲಗಣ್ಣು' ಎಂದು ಮಸುಕಾಗಿ ಉಳಿದುಬಿಟ್ಟಿತ್ತು. ಅರವತ್ತು ದಿನ ಐದು ಮೇಜು ಸುತ್ತಿದ ಪುಟವನ್ನು ಯಾರೂ ತಿರುವಿರಲಿಲ್ಲ, ಅವಳೂ ಸೇರಿದಂತೆ.

ಅವಳು ಮಾಲೀಕರಿಗೆ ಪತ್ರ ಟೈಪು ಮಾಡಿದಳು. ನಾಲ್ಕೇ ಸಾಲು: ಈ ಪಟ್ಟಿ ಯಾವ ಸಭೆಯದು, ಮೂಲಪ್ರತಿಯೊಂದಿಗೆ ವಿವರಣೆ ಕೊಡಿ. ವಿವರಣೆ ಕೇಳಿದರೆ ದಿನಗಳ ಎಣಿಕೆ ಅಲ್ಲಿಗೇ ನಿಲ್ಲುತ್ತದೆ. ಕೇಳುವ ಅಧಿಕಾರ ಅವಳಿಗಿತ್ತು. ಕೇಳಿದ ಮೇಲೆ ಈ ಕುರ್ಚಿ ಇರುತ್ತದೋ ಇಲ್ಲವೋ, ಅದು ಬೇರೆ ಮಾತು. ಸಹಿ ಹಾಕಿ, ಪತ್ರ ಹಿಡಿದು ಮೆಟ್ಟಿಲಿಳಿದಳು.

ಕೆಳಗಿನ ರವಾನೆ ವಿಭಾಗದ ಗುಮಾಸ್ತನಿಗೆ ಎಲ್ಲರೂ ಗೆರೆ ಮಾಮ ಎನ್ನುತ್ತಿದ್ದರು. ದಿನವೂ ನಾಲ್ಕೂವರೆಗೆ ಸರಿಯಾಗಿ ರವಾನೆ ಪುಸ್ತಕದಲ್ಲಿ ಕೆಂಪು ಗೆರೆ ಎಳೆಯುತ್ತಿದ್ದ. ಗೆರೆಯ ಮೇಲೆ ಸಂಖ್ಯೆ ಬಿದ್ದ ಪತ್ರ ಇವತ್ತಿನದು, ಕೆಳಗಿನದು ನಾಳೆಯದು. ಅವಳು ಏದುಸಿರು ಬಿಡುತ್ತ ಬಂದಾಗ ಗಡಿಯಾರ ನಾಲ್ಕು ಮೂವತ್ತೆರಡು ತೋರಿಸುತ್ತಿತ್ತು. ಗೆರೆಯ ಮಸಿ ಇನ್ನೂ ಹಸಿಯಾಗಿತ್ತು.

"ಎಳೆದಾಯ್ತಲ್ಲಮ್ಮ," ಎಂದ. ಆಮೇಲೆ ಅವಳ ಮುಖ ನೋಡಿ ಪತ್ರ ತೆಗೆದುಕೊಂಡು ಓದಿದ. "ಸಾಹೇಬ್ರ ಸಹಿ ಇಲ್ಲ?"

"ಇದಕ್ಕೆ ನನ್ನದು ಸಾಕು ಮಾಮ."

"ಸಾಕು. ಆದ್ರೆ ಯಾರೂ ಹಾಕಲ್ಲ." ಪುಸ್ತಕವನ್ನು ಅವಳತ್ತ ತಿರುಗಿಸಿದ. ಕೆಂಪು ಗೆರೆಗೂ ಕೊನೆಯ ನಮೂದಿಗೂ ನಡುವೆ ಸಂಖ್ಯೆ ಮಾತ್ರ ಬರೆದ ಒಂದು ಸಾಲು ಖಾಲಿಯಿತ್ತು. "ದಿನಾ ಒಂದು ಬಿಟ್ಟಿರ್ತೀನಿ. ಮರೆವಿನವರು ಬರ್ತಾರಲ್ಲ, ಅವರಿಗೆ. ಭಯ ಬಿದ್ದವರು ಬಂದಿದ್ದು ಇದೇ ಮೊದಲು." ನಿಧಾನವಾಗಿ, ಗುಂಡು ಅಕ್ಷರದಲ್ಲಿ ಬರೆದುಕೊಂಡು ಮುದ್ರೆ ಒತ್ತಿದ.

ಐದು ಗಂಟೆಗೆ ಉಪಕಾರ್ಯದರ್ಶಿ ಕರೆಸಿದರು. ಪತ್ರದ ಪ್ರತಿಯನ್ನು ಎರಡು ಸಲ ಓದಿದರು. ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಹಸಿರು ಶಾಯಿಯಲ್ಲಿ ಮೂಲೆಗೆ 'ನೋಡಿದೆ' ಎಂದು ಬರೆದು, ತಾವು ನೋಡುವಷ್ಟರಲ್ಲಿ ಪತ್ರ ಹೋಗಿಯಾಗಿತ್ತು ಎಂಬಂತೆ ನಾಳೆಯ ದಿನಾಂಕ ಹಾಕಿ, "ನಿಮ್ಮ ಸಂಬಂಧಿಕರು ಯಾರಾದ್ರೂ ಇದ್ದಾರೇನಮ್ಮ ಅಲ್ಲಿ?" ಎಂದು ಕೇಳಿದರು.

"ಅಕ್ಕ ಇದ್ದಾಳೆ ಸರ್," ಎಂದಳು.

ಅವರು ಪೆನ್ನಿನ ಮುಚ್ಚಳ ಹಾಕಿ, ಹೋಗಬಹುದು ಎಂಬಂತೆ ತಲೆಯಾಡಿಸಿದರು.

ಹೊರಗೆ ಮೆಟ್ಟಿಲ ಮೇಲೆ ನಿಂತು ಅಕ್ಕನಿಗೆ ಫೋನ್ ಮಾಡಿದಳು. ಸದ್ಯಕ್ಕೆ ಮುಚ್ಚುವ ಹಾಗಿಲ್ಲ ಎಂದಷ್ಟೇ ಹೇಳಿದಳು. ತನ್ನ ಕುರ್ಚಿಯ ವಿಷಯ ಹೇಳಲಿಲ್ಲ.

"ಹಾಗಾದ್ರೆ ನಾಳೆ ಡಬ್ಬಿ ಕಟ್ಕೊಂಡು ಹೋಗ್ಲಾ?"

"ಹೋಗಕ್ಕಾ."

"ನಾಡಿದ್ದು?"

ಉತ್ತರಕ್ಕೆ ಅಕ್ಕ ಕಾಯಲಿಲ್ಲ, ಕರೆಯನ್ನು ಕಡಿಯದೆ ಫೋನನ್ನು ಎಲ್ಲೋ ಇಟ್ಟ ಸದ್ದಾಯಿತು. ನಲ್ಲಿ ತಿರುಗಿತು. ಡಬ್ಬಿಯನ್ನೂ ಅದರ ಮುಚ್ಚಳವನ್ನೂ ಗಸಗಸ ಉಜ್ಜುವುದು ಕೇಳಿಸಿತು. ನೀರು ನಿಲ್ಲುವವರೆಗೂ ಅವಳು ಫೋನನ್ನು ಕಿವಿಯಿಂದ ತೆಗೆಯಲಿಲ್ಲ.