ಲಾಭ, ಎರಡು, ಮೂರು

ಹರ್ಷಿಣಿ ಜಪಾನಿನಲ್ಲಿ ಗಾಂಜಾ ಬೆಳೆಯುತ್ತಾಳೆ ಎಂದು ಗೊತ್ತಾದಾಗ ಮೈಸೂರಿನ ನೆಂಟರಲ್ಲಿ ಅರ್ಧ ಜನ ನಕ್ಕರು, ಇನ್ನರ್ಧ ಜನ ಅವಳ ಅಮ್ಮನ ಮುಖ ನೋಡಿದರು. ಅಮ್ಮ ಜಾಣೆ. "ಸೆಣಬಿನ ಜಾತಿ ಕಣ್ರೀ, ಹಗ್ಗ ಮಾಡ್ತಾರಂತೆ" ಎಂದು ಹೇಳಿ ಕಾಫಿ ತರಲು ಎದ್ದುಬಿಡುತ್ತಿದ್ದರು. ಸುಳ್ಳೇನೂ ಅಲ್ಲ. ನಗೋಯಾದಿಂದ ರೈಲಿನಲ್ಲಿ ಎರಡು ಗಂಟೆ ದೂರದ ಬೆಟ್ಟದ ಹಳ್ಳಿಯಲ್ಲಿ ಮಿಯಾಶಿತಾ ಸಾನ್ (ಸಾನ್ ಎಂದರೆ ನಮ್ಮ ‘ಅವರು’ ಇದ್ದಂತೆ) ಎಂಬ ಮುದುಕರ ಮನೆತನ ನಾಲ್ಕು ತಲೆಮಾರಿನಿಂದ ಆ ಗಿಡ ಬೆಳೆದು, ದೇವಸ್ಥಾನಗಳ ಹಗ್ಗಕ್ಕೆ ನಾರು ಕೊಡುತ್ತಿತ್ತು. ಅಮಲಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ ಇರುವ ತಳಿ. ಆದರೂ ಹೆಸರು ಹೆಸರೇ ತಾನೆ? ಪರವಾನಗಿ, ಬೇಲಿ, ಎರಡು ಬೀಗ, ಪ್ರತಿ ಗಿಡಕ್ಕೂ ಲೆಕ್ಕ.

ಹಳೆಯ ತಳಿ ಆಳೆತ್ತರ ಮೀರಿ ಬೆಳೆಯುತ್ತಿತ್ತು, ಶರತ್ಕಾಲದ ಗಾಳಿಗೆ ಮಲಗಿಬಿಡುತ್ತಿತ್ತು. ಅವರಲ್ಲಿ ತಳಿ ಸುಧಾರಿಸುವ ಕೆಲಸಕ್ಕಿದ್ದ ಹರ್ಷಿಣಿ ಅದನ್ನು ಚಳಿದೇಶದ ಕುಳ್ಳ ತಳಿಯೊಂದಿಗೆ ಕೂಡಿಸಿದ್ದಳು. ಕುಳ್ಳಗಾಯಿತು, ಸರಿ. ಆದರೆ ಆ ಕಣಿವೆಯಲ್ಲಿ ಬೆಳಿಗ್ಗೆ ಹತ್ತಾದರೂ ಮಂಜು ಬಿಡುವುದಿಲ್ಲ. ಕುಳ್ಳ ಗಿಡದ ಒತ್ತೊತ್ತು ಹೂಗೊಂಚಲಿನೊಳಗೆ ತೇವ ಕೂತರೆ ಬೂದುಬಣ್ಣದ ಬೂಷ್ಟು ಹತ್ತಿ ಎರಡೇ ದಿನದಲ್ಲಿ ಒಳಗಿನಿಂದ ಕೊಳೆಸುತ್ತದೆ. ಮೂರು ವರ್ಷ ಅವಳು ಹುಡುಕಿದ್ದು, ಕುಳ್ಳಗಿದ್ದೂ ಕೊಂಬೆಗಳ ನಡುವೆ ಗಾಳಿಗೆ ದಾರಿ ಬಿಡುವ ಗಿಡವನ್ನು. ಈ ವರ್ಷ ಕೊನೆಯ ಸುತ್ತಿಗೆ ಬೀಗದ ಬೇಲಿಯೊಳಗೆ ಇಪ್ಪತ್ನಾಲ್ಕು ಕುಂಡ ಇಟ್ಟಿದ್ದರು. ಹೂ ಬಿಡುವ ಹೊತ್ತಿಗೆ ಸರಿಯಾಗಿ ನಗೋಯಾದ ಮನೆಯಲ್ಲಿದ್ದ ಅವಳ ಮಗಳಿಗೆ ಜ್ವರ ಬಂತು.

ಅವಳು ಮನೆಗೆ ಹೋಗಿ ಒಂದು ವಾರ ಬಿಟ್ಟು ಬಂದಾಗ ಬೂಷ್ಟು ಹತ್ತಿದ ಗಿಡಗಳನ್ನೆಲ್ಲ ಮಿಯಾಶಿತಾ ಸಾನ್ ನಿಯಮದಂತೆ ಸುಟ್ಟಿದ್ದರು. ಉಳಿದವು ಸೊಂಟದೆತ್ತರಕ್ಕೆ ನಿಂತು, ಒಂದು ಚುಕ್ಕೆಯೂ ಇಲ್ಲದೆ ಬೀಜ ಕಟ್ಟುತ್ತಿದ್ದವು. ಹರ್ಷಿಣಿಗೆ ಕಣ್ಣು ತುಂಬಿ ಬಂತು. ಆಮೇಲೆ ದಾಖಲೆ ಪುಸ್ತಕ ತೆರೆದಳು. ಸುಟ್ಟದ್ದು ಹದಿನಾಲ್ಕು, ಉಳಿದದ್ದು ಹತ್ತು ಎಂದು ಐದು ದಿನ ಸಾಲಾಗಿ ಅವರದೇ ಅಕ್ಷರದಲ್ಲಿತ್ತು. ಎದುರಿಗೆ ನಿಂತದ್ದು ಒಂಬತ್ತು.

ಬೇರೆ ಬೆಳೆಯಾಗಿದ್ದರೆ ಒಂದು ಗಿಡಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಇಲ್ಲಿ ಒಂದು ಗಿಡ ಕಾಣೆಯಾಯಿತೆಂದರೆ ಪರವಾನಗಿ ನಿಂತಂತೆ, ಉಳಿದ ಒಂಬತ್ತೂ ಬೆಂಕಿಗೆ ಹೋದಂತೆ. ಮಾರನೆಯ ಬೆಳಿಗ್ಗೆ ಹತ್ತು ಗಂಟೆಗೆ ತಪಾಸಣೆ ಇತ್ತು. ಕೀಲಿ ಇದ್ದದ್ದು ಇಬ್ಬರ ಬಳಿ ಮಾತ್ರ, ಅವರ ಬಳಿ ಮತ್ತು ಅವಳ ಬಳಿ.

ಮಿಯಾಶಿತಾ ಸಾನ್, ಎಪ್ಪತ್ತೆಂಟರ ಮನುಷ್ಯ, ಮೂರು ಸಲ ಕುಂಡಗಳ ಸುತ್ತ ನಡೆದು, ಮನೆಯೊಳಗೆ ಹೋಗಿ ಕ್ಷಮಾಪಣೆ ಪತ್ರ ಬರೆಯಲು ಕೂತರು. ತಪ್ಪು ತನ್ನದು, ಪರವಾನಗಿ ಹಿಂತಿರುಗಿಸುತ್ತೇನೆ ಎಂದು.

ಹರ್ಷಿಣಿ ಗಂಡನಿಗೆ ಫೋನ್ ಮಾಡಿದಳು. ಅನೂಪ್ ಕಾರಿನ ಸಾಫ್ಟ್‌ವೇರ್ ಬರೆಯುವವನು, ಎಲ್ಲದರಲ್ಲೂ ಅವನಿಗೆ ಪ್ರೋಗ್ರಾಮಿನ ದೋಷವೇ ಕಾಣುವುದು.

"ಎಷ್ಟು ಡಿಫರೆನ್ಸು? ಒಂದೇನಾ?" ಎಂದ. "ಹಂಗಾದ್ರೆ ಕಳ್ಳ ಅಲ್ಲ ಕಣೇ. ಒಂದೇ ಒಂದು ಜಾಸ್ತಿ ಬಂತು ಅಂದ್ರೆ ಸ್ಟಾರ್ಟಿಂಗ್‌ನಲ್ಲೇ ಏನೋ ಎಡವಟ್ಟು. ಅವ್ರು ಎಲ್ಲಿಂದ ಎಣಿಸ್ತಾರೆ ನೋಡು."

"ನಿಂಗೆ ತಮಾಷೆ. ಇಲ್ಲಿ ಮೂರು ವರ್ಷದ ಕೆಲಸ ಹೋಗ್ತಿದೆ."

"ತಮಾಷೆ ಅಲ್ವೇ. ಬೆಳಿಗ್ಗೆ ಒಂದ್ಸಲ ಅವ್ರಿಗೇ ಎಣಿಸೋಕೆ ಹೇಳು. ನೀನು ಬಾಯಿ ಮುಚ್ಕೊಂಡು ನಿಂತ್ಕೋ, ಅಷ್ಟೇ."

ಬೆಳಿಗ್ಗೆ ಎಂಟಕ್ಕೆ ಅವಳು ಹಾಗೇ ಕೇಳಿಕೊಂಡಳು. ಅಲ್ಲಿ ಎಣಿಸುವುದೆಂದರೆ ಬೆರಳು ತೋರಿಸಿ ಗಟ್ಟಿಯಾಗಿ ಕೂಗಿ ಎಣಿಸುವುದು. ರೈಲಿನ ಚಾಲಕರು ಮಾಡುವುದೂ ಅದನ್ನೇ. ಬಾಯಿ ಹೇಳಿದ್ದನ್ನು ಕೈ ಬರೆಯಬೇಕು, ಕಣ್ಣನ್ನು ನಂಬಬಾರದು. ಮಿಯಾಶಿತಾ ಸಾನ್ ಬೇಲಿಯ ಬಾಗಿಲಲ್ಲಿ ನೆಟ್ಟಗೆ ನಿಂತರು. ಬೀಗದ ಕಡೆ ಬೆರಳು ಚಾಚಿ "ರಾಬಾ!" ಎಂದರು. ಆಮೇಲೆ ಒಳಗೆ ಬಂದು ಮೊದಲ ಕುಂಡಕ್ಕೆ ಬೆರಳು ತೋರಿಸಿ "ಎರಾದು" ಎಂದರು. "ಮೂರು. ನಾರುಕು." ಕೊನೆಯ ಕುಂಡಕ್ಕೆ ಬಂದಾಗ "ಹತ್ತು!" ಎಂದು ಮುಷ್ಟಿ ಹಿಡಿದರು.

ಹರ್ಷಿಣಿ ಕುಂಡಗಳನ್ನು ಇನ್ನೊಮ್ಮೆ ಎಣಿಸಿ ನೋಡಿದಳು, ಒಂಬತ್ತೇ.

ರಾಗಿ ಅಳೆಯುವಾಗ ಅವಳ ಅಜ್ಜಿ ಮೊದಲ ಸೇರಿಗೆ ಒಂದು ಎನ್ನುತ್ತಿರಲಿಲ್ಲ, ಲಾಭ ಎನ್ನುತ್ತಿದ್ದರು. ಲಾಭ, ಎರಡು, ಮೂರು. ಹರ್ಷಿಣಿಗೆ ಎಣಿಕೆ ಬಾಯಿಗೆ ಬರುವುದೇ ಹಾಗೆ. ಬಾಗಿಲ ಪಕ್ಕದ ಮೊದಲ ಕುಂಡಕ್ಕೆ ದಿನವೂ ಹೊಸಿಲಲ್ಲೇ ನಿಂತು ಬೆರಳು ತೋರಿಸಿ ಲಾಭ ಎನ್ನುತ್ತಿದ್ದಳು. ಪ್ರತಿ ಹತ್ತಕ್ಕೊಮ್ಮೆ ಮುಷ್ಟಿ ಹಿಡಿದು, ಪುಸ್ತಕದಲ್ಲಿ ಹತ್ತು ಬರೆಯುತ್ತಿದ್ದಳು. ಆ ರಾಗ ಮುದುಕರಿಗೆ ಹಿಡಿಸಿಬಿಟ್ಟಿತ್ತು. ರಾಗ ಕಲಿತರು, ಹತ್ತರ ಅರ್ಥ ಕಲಿತರು. ಲಾಭ ಅವರ ಜಪಾನಿ ನಾಲಿಗೆಯಲ್ಲಿ ರಾಬಾ ಆಯಿತು. ನಡುವಿನದು ಬರೀ ಸದ್ದು.

ಇನ್ನೊಂದು ವಿಷಯವೂ ಅವಳಿಗೆ ನೆನಪಾಯಿತು, ಅದೇ ಚುಚ್ಚಿದ್ದು. ಜೂನ್‌ನಲ್ಲಿ ಅವರು ಕೇಳಿದ್ದರು, ರಾಬಾ ಎಂದರೇನು ಎಂದು. ಬಿಡಿಸಿ ಹೇಳಲು ಜಪಾನಿ ಸಾಲದೆ, ಇವಳು ಕೈಬೀಸಿ "ಒಳ್ಳೇದಾಗಲಿ ಅಂತ ಶುರುವಿಗೆ ಹೇಳೋದು" ಎಂದುಬಿಟ್ಟಿದ್ದಳು. ಅವರು ತಲೆದೂಗಿದ್ದರು. ಶುರುವಿಗೆ ಹೇಳುವುದನ್ನು ಅವರು ಶುರುವಿಗೇ, ಬಾಗಿಲ ಬೀಗಕ್ಕೇ ಹೇಳಿದರು. ಅವರ ತಪ್ಪೇನು?

"ಸುಮಿಮಾಸೆನ್," ಎಂದು ಕ್ಷಮೆ ಕೇಳಿದಳು. "ತಪ್ಪು ನನ್ನದು. ಅದು ಶುಭದ ಮಾತು ಮಾತ್ರ ಅಲ್ಲ. ಅದೇ ಒಂದು."

ಮಿಯಾಶಿತಾ ಸಾನ್ ಕುಂಡಗಳನ್ನು ನೋಡಿದರು. ಉಳಿದದ್ದು ಹತ್ತು ಎಂದು ಇಪ್ಪತ್ನಾಲ್ಕರಿಂದ ಕಳೆದು ಹದಿನಾಲ್ಕು ಬರೆದಿದ್ದರು, ಸುಡುವಾಗ ಎಣಿಸಿರಲಿಲ್ಲ. ಇಬ್ಬರೂ ಹಿತ್ತಿಲಿಗೆ ಹೋದರು. ತೊಳೆದು ಬೋರಲು ಹಾಕಿದ್ದ ಕುಂಡಗಳು ಹದಿನೈದು ಇದ್ದವು.

ಹತ್ತಕ್ಕೆ ಬಂದ ಅಧಿಕಾರಿ ಓಕುಮುರಾ ಸಾನ್ ನಗುವ ಪೈಕಿ ಅಲ್ಲ. ಬೋರಲು ಕುಂಡ ಸಾಕ್ಷಿಯಲ್ಲ ಎಂದಳು. ಯಾರು ಬೇಕಾದರೂ ಒಂದು ಕುಂಡ ಖಾಲಿ ಮಾಡಬಹುದು. ಮುದುಕರು ಜೇಬಿನ ಪತ್ರಕ್ಕೆ ಕೈ ಹಾಕಿದರು. ಹರ್ಷಿಣಿ ಅಡ್ಡ ಬಂದು, ಇವರು ಎಣಿಸುವುದನ್ನು ಒಮ್ಮೆ ಕೇಳಿ ಎಂದು ಸೊಂಟ ಬಗ್ಗಿಸಿ ಬೇಡಿಕೊಂಡಳು.

ರಾಬಾ, ಎರಾದು, ಮೂರು. ಓಕುಮುರಾ ಸಾನ್ ಕೇಳಿದಳು. ಆಮೇಲೆ ಹರ್ಷಿಣಿಯ ಕೈಲೂ ಎಣಿಕೆ ಮಾಡಿಸಿದಳು. ಒಂದೇ ಕುಂಡಗಳು, ಒಂದೇ ರಾಗ. ಒಬ್ಬರದು ಹತ್ತು, ಇನ್ನೊಬ್ಬರದು ಒಂಬತ್ತು. ಇನ್ನೊಮ್ಮೆ ಎನ್ನುತ್ತಾ ಇಬ್ಬರಿಂದಲೂ ಮತ್ತೆ ಎಣಿಕೆ ಮಾಡಿಸಿದಳು. ಪುಸ್ತಕ ತೆರೆದು, ತಪ್ಪು ಅಂಕಿಗಳ ಮೇಲೆ ಎರಡೆರಡು ಗೀಟು ಎಳೆದು ತಿದ್ದಿ, ಕಾರಣ ಬರೆಯಿರಿ ಎಂದಳು. ಕಾರಣದ ಜಾಗ ಎರಡು ಬೆರಳಗಲ. ಹರ್ಷಿಣಿ ಬರೆದಳು: ಮೊದಲನೆಯದನ್ನು ಬೇರೆ ಹೆಸರಿನಿಂದ ಕರೆಯಲಾಗಿತ್ತು. ಓಕುಮುರಾ ಸಾನ್ ಪಕ್ಕದಲ್ಲಿ ಮೊಹರು ಒತ್ತಿದಳು. ಇನ್ನು ಮುಂದೆ ಜಪಾನಿಯಲ್ಲೇ ಎಣಿಸಬೇಕು ಎಂದು ಎಚ್ಚರಿಸಿ ಹೊರಟಳು.

ಒಂಬತ್ತೂ ಉಳಿದವು. ಹರ್ಷಿಣಿ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ಬೈಗುಳ ಬರುತ್ತದೆ ಎಂದು ಕಾದಳು. ಬಂದಿದ್ದರೆ ಹಗುರವಾಗುತ್ತಿತ್ತು.

ಮಿಯಾಶಿತಾ ಸಾನ್ ಪತ್ರ ಹರಿದು ಜೇಬಿಗೇ ಹಾಕಿಕೊಂಡರು. "ನಾನು ಜೂನ್‌ನಲ್ಲೇ ಕೇಳಿದ್ದೆ," ಎಂದರು. ಅಷ್ಟೇ. ಆಮೇಲೆ ಎರಡನೆಯ ಕುಂಡದ ಮುಂದೆ ಹೋಗಿ ಮೊಣಕಾಲೂರಿ ಕೂತು, ಅದಕ್ಕೆ ಬೆರಳು ತೋರಿಸಿದರು.

"ಎರಾದು ಎಂದರೆ?"

"ಎರಡು," ಎಂದಳು.

"ಎರಡು ಮಾತ್ರವೇ? ಬೇರೇನೂ ಇಲ್ಲವೇ?"

"ಬೇರೇನೂ ಇಲ್ಲ."

ಅವರು ಮುಂದಿನ ಕುಂಡಕ್ಕೆ ಸರಿದರು. ಹರ್ಷಿಣಿ ಎದ್ದು ಬಂದು ಪಕ್ಕದಲ್ಲಿ ಕೂತಳು. ಒಂಬತ್ತರವರೆಗೆ ಒಂದೊಂದಕ್ಕೂ, ಅವಸರವಿಲ್ಲದೆ, ಕೇಳಿದ್ದಕ್ಕೆಲ್ಲ ಉತ್ತರ ಹೇಳಿದಳು.